ಶೀಗಿ ಹುಣ್ಣಿಮೆಗೆ ಒಬ್ಬ ತೋಳಮನುಷ್ಯ: ಹೆದರಿಸುತ್ತಲೇ ನಗಿಸುವ ಕಿರುಚಿತ್ರ ಮಾಡುವ ಬಗೆ

ಹುಣ್ಣಿಮೆ ರಾತ್ರಿ ತೋಳವಾಗಿ ಬದಲಾಗುವ ಮನುಷ್ಯನ, ಅಂದರೆ ತೋಳಮನುಷ್ಯನ ಕಿರುಚಿತ್ರ ಮಾಡಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದು ಮುಖವಾಡದ ಬಗ್ಗೆ. ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ, ಆನ್‌ಲೈನ್‌ನಲ್ಲಿ ತರಿಸಿದರೆ ನಡೆಯುತ್ತಾ ಅಂತ. ಮುಖವಾಡ ಆಮೇಲೆ ನೋಡೋಣ ಅನ್ನುತ್ತೇನೆ ನಾನು. ಮೊದಲು ಅವನ ತಾಯಿ ಯಾರು, ಮನೆಯಲ್ಲಿ ಎಷ್ಟು ಕುರಿ ಇವೆ, ಅವತ್ತು ರಾತ್ರಿ ಊಟಕ್ಕೆ ಏನು ಮಾಡಿದ್ದರು, ಇಷ್ಟು ಬರೆದುಕೊಂಡು ಬನ್ನಿ.

ನಾನು ಧಾರವಾಡದಲ್ಲಿ ಕಾಲೇಜು ಗ್ಯಾದರಿಂಗ್, ಹವ್ಯಾಸಿ ನಾಟಕ, ಕಿರುಚಿತ್ರಗಳಿಗೆ ಮೇಕಪ್ ಮಾಡುತ್ತೇನೆ. ಊರು ರಾಣೇಬೆನ್ನೂರು ತಾಲೂಕು. ನಮ್ಮಜ್ಜ ಕುರಿ ಕಾಯುತ್ತಿದ್ದರು. ತೋಳದ ಸುದ್ದಿ ಬಂದರೆ ಅವರ ದನಿ ತಾನಾಗಿಯೇ ಇಳಿಯುತ್ತಿತ್ತು. ಅದು ಗಾಳಿಗೆ ಎದುರಾಗಿ ಬರುತ್ತದೆ, ಸದ್ದು ಮಾಡುವುದಿಲ್ಲ, ಮರಿಯನ್ನೇ ಆರಿಸಿಕೊಳ್ಳುತ್ತದೆ ಅನ್ನುತ್ತಿದ್ದರು. ಅದೇ ಅಜ್ಜ, ತೋಳ ಬಂದ ರಾತ್ರಿ ನಮ್ಮ ದೊಡ್ಡಪ್ಪ ಬಡಿಗೆ ಅಂತ ತಿಳಿದು ರೊಟ್ಟಿ ಗಂಟು ಹಿಡಿದುಕೊಂಡು ಓಡಿದ ಕಥೆ ಹೇಳಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದರು. ಆ ಕಥೆಯಲ್ಲಿ ತೋಳ ಒಂದು ಸಲವೂ ತಮಾಷೆ ಆಗುತ್ತಿರಲಿಲ್ಲ. ನಗು ಬರುತ್ತಿದ್ದದ್ದು ದೊಡ್ಡಪ್ಪನಿಂದ. ನಾನು ಮುಂದೆ ಹೇಳುವ ಕೆಲಸವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಹೆದರಿಕೆ ತೋಳದ್ದು, ನಗು ಮನುಷ್ಯರದ್ದು. ಎರಡನ್ನೂ ಅದಲು ಬದಲು ಮಾಡಿದಿರೋ, ಚಿತ್ರ ಕೆಟ್ಟಿತು.

ಕಥೆ ಕಟ್ಟುವಾಗ

ಹೆದರಿಕೆ, ನಗು ಎರಡನ್ನೂ ಒಟ್ಟಿಗೆ ಮಾಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ದೊಡ್ಡಾಟ, ಅಂದರೆ ನಮ್ಮ ಕಡೆಯ ಬಯಲಾಟ ನೋಡಿದವರಿಗೆ ಗೊತ್ತು. ರಾಕ್ಷಸ ಪಾತ್ರ ಅಬ್ಬರಿಸಿಕೊಂಡು ರಂಗಕ್ಕೆ ಬರುತ್ತದೆ. ಮುಂದೆ ಕೂತ ಸಣ್ಣ ಮಕ್ಕಳು ಅವ್ವನ ಸೆರಗು ಹಿಡಿಯುತ್ತವೆ. ಆಗ ಆಟ ನಡೆಸಿಕೊಡುವ ಸಾರಥಿ ಹತ್ತಿರ ಹೋಗಿ, ನೀನ್ಯಾರಪ್ಪಾ, ಎಲ್ಲಿಂದ ಬಂದೆ, ಯಾಕೆ ಬಂದೆ ಅಂತ ಕೇಳುತ್ತಾನೆ. ಮನೆಗೆ ಬಂದ ಬೀಗರನ್ನು ಮಾತಾಡಿಸುವ ಧಾಟಿ ಅದು. ರಾಕ್ಷಸ ಮಾತ್ರ ನಗುವುದಿಲ್ಲ. ಅವನು ಪೂರಾ ರಾಕ್ಷಸನಾಗಿಯೇ ಇರುತ್ತಾನೆ. ಅದಕ್ಕೇ ಸಾರಥಿಯ ಮಾತಿಗೆ ಅಷ್ಟು ನಗು ಬರುವುದು.

ಕೀಚಕನ ಆಟವನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ. ಕೀಚಕ ಹೂವು ಮುಡಿದು, ಗಂಧ ಹಚ್ಚಿಕೊಂಡು, ಕತ್ತಲಲ್ಲಿ ಸೈರಂಧ್ರಿ ಅಂತ ತಿಳಿದು ಭೀಮನ ಹತ್ತಿರ ಬರುತ್ತಾನೆ. ಅಲ್ಲಿ ಯಾರಿದ್ದಾರೆ ಅನ್ನೋದು ನೋಡುವವರಿಗೆಲ್ಲ ಗೊತ್ತು. ಗೊತ್ತಿಲ್ಲದವನು ಕೀಚಕ ಒಬ್ಬನೇ. ಅವನ ಕೈ ಮುಂದೆ ಹೋದಷ್ಟೂ ನಗು ಬರುತ್ತದೆ, ಹಾಗೇ ಎದೆಯೂ ಹೊಡೆದುಕೊಳ್ಳುತ್ತದೆ. ನಿಮ್ಮ ಚಿತ್ರದಲ್ಲಿ ಇಂಥದೊಂದು ದೃಶ್ಯ ಇರಲೇಬೇಕು. ತೋಳ ಎಲ್ಲಿದೆ ಅಂತ ನೋಡುಗರಿಗೆ ಮೊದಲೇ ತೋರಿಸಿಬಿಡಿ. ಪಾತ್ರಕ್ಕೆ ಮಾತ್ರ ತೋರಿಸಬೇಡಿ. ಆಮೇಲೆ ಆ ಪಾತ್ರಕ್ಕೆ ತೀರಾ ದಿನನಿತ್ಯದ ಒಂದು ಕೆಲಸ ಕೊಡಿ. ಗೋದಲಿಗೆ ಮೇವು ಹಾಕುವುದೋ, ಫೋನಿನಲ್ಲಿ ಭಾವನ ಜೊತೆ ಸೈಟಿನ ವ್ಯವಹಾರ ಮಾತಾಡುವುದೋ ಏನಾದರೂ ಆಗಲಿ.

ಇನ್ನು ಹುಣ್ಣಿಮೆ. ಹುಣ್ಣಿಮೆ ರಾತ್ರಿ ಮೈ ಬದಲಾಗಬೇಕು, ಬೆಳ್ಳಿಯಿಂದಲೇ ಸಾಯಬೇಕು ಅನ್ನುವ ಕಟ್ಟಳೆಗಳನ್ನು ಹೆಚ್ಚಾಗಿ ಗಟ್ಟಿ ಮಾಡಿದವರು ಹಾಲಿವುಡ್ ಸಿನಿಮಾದವರೇ. ಬೆಳ್ಳಿ ಗುಂಡನ್ನು ಬಿಟ್ಟುಬಿಡಿ. ನಮ್ಮ ಊರಲ್ಲಿ ಬೆಳ್ಳಿ ಅಂದರೆ ಕಾಲುಂಗುರ, ಉಡದಾರ. ಅದನ್ನು ಕರಗಿಸಿ ಗುಂಡು ಮಾಡುವುದು ಇಲ್ಲಿಯ ಕಥೆಗೆ ಕೂಡುವುದಿಲ್ಲ. ಹುಣ್ಣಿಮೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾಕಂದರೆ ನಮ್ಮಲ್ಲಿ ಹುಣ್ಣಿಮೆ ಬರೀ ಚಂದ್ರ ಅಲ್ವಲ್ಲ, ಪ್ರತಿಯೊಂದಕ್ಕೂ ಹೆಸರಿದೆ, ಹಬ್ಬ ಇದೆ, ಅಡುಗೆ ಇದೆ. ಕಾರ ಹುಣ್ಣಿಮೆಗೆ ಎತ್ತು ಓಡಿಸುತ್ತಾರೆ. ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಆಮೇಲೆ ಹೋಳಿ. ಅಂದರೆ ನಿಮ್ಮ ತೋಳಮನುಷ್ಯನಿಗೆ ಮನೆಯಲ್ಲಿ ಯಾರೂ ಇಲ್ಲದ ರಾತ್ರಿ ಸಿಗುವುದೇ ಇಲ್ಲ. ಮನೆ ತುಂಬ ನೆಂಟರಿರುವ ದಿನವೇ ಅವನ ಮೈ ಬದಲಾಗಬೇಕು. ಹೊರಗಿನ ಯಾವ ಸಿನಿಮಾದವರಿಗೂ ಇಲ್ಲದ ಅನುಕೂಲ ಇದು.

ನನ್ನ ಮೆಚ್ಚಿನದು ಶೀಗಿ ಹುಣ್ಣಿಮೆ. ಮಧ್ಯಾಹ್ನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೂಜೆ ಮಾಡಿ, ಹೊಲಕ್ಕೆಲ್ಲ ಎಡೆಯ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಏಳುತ್ತಾನೆ. ಅಂದರೆ ಎಲ್ಲರೂ ಗಂಟು ಕಟ್ಟಿ ಗಾಡಿ ಹತ್ತುವ ಹೊತ್ತು, ಚಂದ್ರ ಏಳುವ ಹೊತ್ತು ಎರಡೂ ಒಂದೇ. ತೋಳವಾಗಲಿರುವ ಹುಡುಗ ಮನೆಗೆ ಹೋಗೋಣ ಅಂತ ಅವಸರ ಮಾಡುತ್ತಾನೆ. ಅತ್ತೆ, "ಇನ್ನೊಂದ ಹೋಳಿಗಿ ತಿನ್ನೋ ತಮ್ಮಾ, ಎಷ್ಟ ಸೊರಗೀದಿ ನೋಡು" ಅನ್ನುತ್ತಾಳೆ. ಅವನು ಬ್ಯಾಡ ಅನ್ನುತ್ತಾನೆ. ಅವಳು ಬಿಡುವುದಿಲ್ಲ. ಈ ಐದು ನಿಮಿಷವನ್ನು ಸರಿಯಾಗಿ ಬರೆದರೆ ಅರ್ಧ ಚಿತ್ರ ಗೆದ್ದಂತೆ.

ಅವನಿಗೆ ತೋಳ ಕಚ್ಚಿದ್ದು ಯಾವಾಗ? ಹಿಂದಿನ ಅನಂತನ ಹುಣ್ಣಿಮೆಗೆ. ಇಲ್ಲೊಂದು ಲೆಕ್ಕ ನೋಡಿ. ಪ್ರಾಣಿ ಕಚ್ಚಿದರೆ ರೇಬೀಸ್ ಲಸಿಕೆ ಹಾಕುತ್ತಾರಲ್ಲ, ಅದರ ಕೊನೆಯ ಡೋಸು 28ನೇ ದಿನಕ್ಕೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29 ದಿನ 12 ಗಂಟೆ. ಹುಣ್ಣಿಮೆ ದಿನ ಕಚ್ಚಿಸಿಕೊಂಡು ಅವತ್ತೇ ಮೊದಲ ಸೂಜಿ ಹಾಕಿಸಿಕೊಂಡವನ ಕೊನೆಯ ಸೂಜಿ ಬರುವುದು ಮುಂದಿನ ಹುಣ್ಣಿಮೆಯ ಹೊಸ್ತಿಲಲ್ಲಿ. ಆಸ್ಪತ್ರೆಯ ದೃಶ್ಯ ತಾನಾಗಿಯೇ ಸಿಕ್ಕಿತು ನೋಡಿ. ಸಿಸ್ಟರ್ ಚೀಟಿಯಲ್ಲಿ ತಾರೀಖು ಬರೆದು, "ಇಪ್ಪತ್ತೆಂಟನೇ ದಿನದ್ದು ಮರೀಬ್ಯಾಡ್ರಿ" ಅನ್ನುತ್ತಾಳೆ. ತಾಯಿ ಗೋಡೆಯ ಕ್ಯಾಲೆಂಡರ್ ನೋಡಿ, "ಹಬ್ಬದ ಮುಂದ ಬರ್ತದಲ್ರೀ ಅಕ್ಕಾರ, ಹೋಳಿಗಿ ಕೆಲಸ ಇರ್ತೈತಿ, ಎರಡ ದಿನ ಬಿಟ್ಟ ಬಂದ್ರ ನಡೀತೈತೇನ್ರಿ?" ಅನ್ನುತ್ತಾಳೆ. ಕ್ಯಾಮೆರಾ ಕ್ಯಾಲೆಂಡರಿನ ಹುಣ್ಣಿಮೆ ಗುರುತಿನ ಮೇಲೆ ಒಂದು ಕ್ಷಣ ನಿಲ್ಲಲಿ, ಸಾಕು. ಯಾರೂ ಏನೂ ವಿವರಿಸಬೇಕಾಗಿಲ್ಲ.

ಆದರೆ ಒಂದು ಕಿವಿಮಾತು. ಲಸಿಕೆಯನ್ನೇ ಗೇಲಿ ಮಾಡಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಮನುಷ್ಯ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹುಡುಗ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದನ್ನು ತೋರಿಸಿ. ಎಲ್ಲಾ ಡೋಸನ್ನೂ ತಪ್ಪದೆ ಹಾಕಿಸಿಕೊಳ್ಳಲಿ. ಅವನಿಗೆ ರೇಬೀಸ್ ಬರಲಿಲ್ಲ. ಬಂದದ್ದು ಬೇರೆಯೇ. ಈ ಮಾತು ಚಿತ್ರದಲ್ಲಿ ಸ್ಪಷ್ಟವಾಗಿರಲಿ.

ಕಪ್ಪು ಹಾಸ್ಯಕ್ಕೆ ಇನ್ನೊಂದು ಒಳ್ಳೆಯ ಜಾಗ ಪಂಚನಾಮೆ. ಕಾಡುಪ್ರಾಣಿ ಕುರಿ ಹಿಡಿದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಬೆಳಗ್ಗೆ ಕುರಿ ಕಳೆದುಕೊಂಡ ಕಾಕಾ, ಇಲಾಖೆಯವರು, ನಾಲ್ಕು ಜನ ಊರವರು ಹೆಜ್ಜೆ ಗುರುತು ನೋಡುತ್ತಾ ಎರೆಹೊಲದಲ್ಲಿ ನಡೆಯುತ್ತಾರೆ. ಮೊದಲು ತೋಳದ ಹೆಜ್ಜೆ. ಸ್ವಲ್ಪ ದೂರ ಹೋದ ಮೇಲೆ ಹೆಜ್ಜೆ ಉದ್ದವಾಗುತ್ತದೆ. ಆಮೇಲೆ ಐದು ಬೆರಳು. ಕೊನೆಗೆ ಬದುವಿನ ಹತ್ತಿರ ಬರಿಗಾಲು ಹೋಗಿ ಚಪ್ಪಲಿ ಗುರುತು ಬಂತು. ಎಲ್ಲರೂ ಸುಮ್ನೆ ನಿಲ್ಲುತ್ತಾರೆ. ಬರೆದುಕೊಳ್ಳುವವನು ಪೆನ್ನು ಎತ್ತಿ, "ಪ್ರಾಣಿ ಅಂತ ಬರೀಲೋ, ಏನಂತ ಬರೀಲಿ?" ಅನ್ನುತ್ತಾನೆ. ಕಾಕಾನಿಗೆ ಭಯ ಹುಟ್ಟಿದೆ, ಪರಿಹಾರವೂ ಬೇಕು. "ಪ್ರಾಣಿನಽ ಅಂತ ಬರೀರಿ ಸಾಹೇಬ್ರ." ಈ ಗುರುತು ಮಾಡುವುದು ಸುಲಭ. ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ತೋಳದ ಅಂಗಾಲಿನ ಆಕಾರಕ್ಕೆ ಕತ್ತರಿಸಿ ಹಲಗೆಗೆ ಅಂಟಿಸಿ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕಿ. ಹಸಿ ಎರೆಮಣ್ಣಿಗೆ ಒತ್ತಿ ಮೇಲೆತ್ತಿದರೆ ಮಣ್ಣು ರಬ್ಬರಿಗೇ ಹತ್ತಿಕೊಂಡು ಬರುತ್ತದೆ. ಅದಕ್ಕೆ ಒತ್ತುವ ಮೊದಲು ತಳಕ್ಕೆ ಸ್ವಲ್ಪ ಎಣ್ಣೆ ಸವರಿ.

ಯಾರನ್ನು ನೋಡಿ ನಗಬಾರದು ಅನ್ನುವುದೂ ಮುಖ್ಯ. ಮೈ ತುಂಬಾ ಕೂದಲು ಬೆಳೆಯುವ ಕಾಯಿಲೆ ನಿಜವಾಗಿಯೂ ಇದೆ. ಅಂಥವರು ಜನರ ನೋಟಕ್ಕೆ ಹೆದರಿ ಬದುಕುತ್ತಾರೆ. ಅವರನ್ನು ನೆನಪಿಸುವ ಮೇಕಪ್ ಬೇಡ, ಮಾತೂ ಬೇಡ. ಕುರಿ ಕಾಯುವವರನ್ನು ಪೆದ್ದರನ್ನಾಗಿ ತೋರಿಸುವುದನ್ನಂತೂ ನಾನು ಒಪ್ಪುವುದಿಲ್ಲ. ಆ ಕಥೆಯಲ್ಲಿ ತೋಳದ ಬಗ್ಗೆ ಎಲ್ಲರಿಗಿಂತ ಜಾಸ್ತಿ ತಿಳಿದವರು ಅವರೇ.

ಉಣ್ಣೆ, ಗಮ್, ರಕ್ತ

ರೆಡಿಮೇಡ್ ಮುಖವಾಡ ಬೇಡವೇ ಬೇಡ. ಕಣ್ಣಿನ ಸುತ್ತ ಅಲುಗಾಡುವುದಿಲ್ಲ, ತುಟಿ ಅಲುಗಾಡುವುದಿಲ್ಲ. ಜನ ಒಂದೇ ಕ್ಷಣಕ್ಕೆ ನಗುತ್ತಾರೆ. ತೋಳವನ್ನು ನೋಡಿ ನಕ್ಕರೆ ಅಲ್ಲಿಗೆ ಚಿತ್ರ ಮುಗಿಯಿತು.

ಸಿನಿಮಾ ಮೇಕಪ್‌ನಲ್ಲಿ ಮುಖಕ್ಕೆ ಕೂದಲು ಅಂಟಿಸುವುದು ಹಳೆಯ ವಿದ್ಯೆ. 1941ರ ಹಾಲಿವುಡ್ ತೋಳಮನುಷ್ಯನಿಗೆ ಜ್ಯಾಕ್ ಪಿಯರ್ಸ್ ಅನ್ನುವ ಮೇಕಪ್ ಕಲಾವಿದ ಯಾಕ್ ಕೂದಲನ್ನು ಗಂಟೆಗಟ್ಟಲೆ ಕೂತು ಅಂಟಿಸುತ್ತಿದ್ದ. ನಮಗೆ ಯಾಕ್ ಯಾಕೆ? ಹಾವೇರಿ, ಗದಗ ಕಡೆ ಕುರಿ ಉಣ್ಣೆ ಇದೆ. ಒರಟು, ಕಪ್ಪು, ಬೂದು. ಕಂಬಳಿಗೆ ಬಳಸುವ ಉಣ್ಣೆಯೇ ಆಗಬೇಕು, ಸ್ವೆಟರ್ ದಾರ ಆಗುವುದಿಲ್ಲ. ಕುರಿಯ ಉಣ್ಣೆ ಕತ್ತರಿಸುವ ಕಾಲಕ್ಕೆ ಕುರುಬರ ಹಟ್ಟಿಗೆ ಹೋಗಿ ಕೇಳಿ, ದುಡ್ಡು ಕೊಟ್ಟು ತನ್ನಿ. ಕುರಿ ತಿನ್ನುವ ತೋಳಕ್ಕೆ ಕುರಿಯದೇ ಮೈಗೂದಲು ಅಂತ ಗೊತ್ತಾದರೆ ಅವರೇ ನಿಮಗೆ ಒಂದೆರಡು ಡೈಲಾಗ್ ಕೊಟ್ಟು ಕಳಿಸುತ್ತಾರೆ.

ತಂದ ಉಣ್ಣೆಯನ್ನು ಶೀಗೆಕಾಯಿ ಇಲ್ಲವೇ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಜಿಡ್ಡು ಉಳಿದರೆ ಗಮ್ ಹಿಡಿಯುವುದಿಲ್ಲ, ವಾಸನೆಯಿಂದ ನಟನಿಗೂ ತಲೆ ತಿರುಗುತ್ತದೆ. ನೆರಳಲ್ಲಿ ಒಣಗಿಸಿ, ಹಿಂಜಿ, ಬಾಚಿ, ಎರಡು ಮೂರು ಇಂಚಿನ ಎಳೆಗಳಾಗಿ ಕತ್ತರಿಸಿ. ಬಣ್ಣದ ಬಗ್ಗೆ ಒಂದು ಮಾತು. ನಮ್ಮ ತೋಳ ಕಪ್ಪಗಿಲ್ಲ. ಬೂದು, ಕಂದು, ಒಣಹುಲ್ಲಿನ ಬಣ್ಣ ಸೇರಿದ ಮೈ ಅದರದು. ಬೂದು ಉಣ್ಣೆಗೆ ಸ್ವಲ್ಪ ಬಿಳಿ ಉಣ್ಣೆ ಬೆರೆಸಿ. ಆ ಬಿಳಿಯನ್ನು ಮೊದಲು ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿ ಕಂದು ಮಾಡಿಕೊಂಡಿರಬೇಕು. ಹತ್ತಿರದ ಶಾಟ್‌ನಲ್ಲಿ ಒಂದೇ ಬಣ್ಣದ ಕೂದಲು ಬ್ರಷ್ಷಿನ ಹಾಗೆ ಕಾಣುತ್ತದೆ.

ಅಂಟಿಸಲು ನಾಟಕದವರು ಬಳಸುವ ಸ್ಪಿರಿಟ್ ಗಮ್ ತನ್ನಿ. ಹಿಂದಿನ ದಿನವೇ ಕಿವಿಯ ಹಿಂದೆ ಒಂದು ಹನಿ ಹಚ್ಚಿ, ತುರಿಕೆ ಬರುತ್ತದಾ ನೋಡಿ. ಫೆವಿಕ್ವಿಕ್ ತರಹದ್ದನ್ನು ಮುಖದ ಹತ್ತಿರವೂ ತರಬೇಡಿ. ಗದ್ದದ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಹೆಂಚು ಹೊದಿಸಿದ ಹಾಗೆ, ಮೇಲಿನ ಸಾಲು ಕೆಳಗಿನ ಸಾಲಿನ ಬುಡವನ್ನು ಮುಚ್ಚುತ್ತಾ ಹೋಗಬೇಕು. ಗಮ್ ಹಚ್ಚಿ, ಬೆರಳಿಗೆ ಅಂಟುವಷ್ಟು ಒಣಗಲು ಬಿಟ್ಟು, ಎಳೆಯ ತುದಿ ಇಟ್ಟು, ಒದ್ದೆ ಬಟ್ಟೆಯಿಂದ ಒತ್ತಿ. ಹುಬ್ಬು, ಕೆನ್ನೆಯ ಮೇಲ್ಭಾಗ, ಹಣೆಯ ಅಂಚಿನಲ್ಲಿ ತೀರಾ ತೆಳ್ಳಗೆ ಅಂಟಿಸಿ. ಕೂದಲು ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ಕಣ್ಣಿನ ಸುತ್ತ ಏನೂ ಅಂಟಿಸಬೇಡಿ. ನಟನ ಕಣ್ಣೇ ನಿಮ್ಮ ದೊಡ್ಡ ಆಸ್ತಿ. ತೆಗೆಯುವಾಗ ಎಳೆಯಬಾರದು. ಗಮ್ ರಿಮೂವರ್ ಇಲ್ಲವೇ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನಿಧಾನವಾಗಿ ಬಿಡಿಸಿ.

ರಕ್ತಕ್ಕೆ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್, ಇಲ್ಲವೇ ಗಟ್ಟಿ ಸಕ್ಕರೆ ಪಾಕ ಆಗುತ್ತದೆ. ತಿನ್ನುವ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ, ಒಂದೇ ಹನಿ ನೀಲಿ ಸೇರಿಸಿ. ಬಣ್ಣ ಚೆನ್ನಾಗಿರುತ್ತದೆ ಅಂತ ಬ್ಯಾಡಗಿ ಮೆಣಸಿನಪುಡಿ ಹಾಕುವವರಿದ್ದಾರೆ. ಬೇಡ. ಬ್ಯಾಡಗಿಗೆ ಖಾರ ಕಡಿಮೆ ನಿಜ, ಕಣ್ಣಿಗೆ ಬಿದ್ದರೆ ಕಡಿಮೆ ಖಾರವೂ ಖಾರವೇ. ನೀಲಿ ಬೆಳಕಿನಲ್ಲಿ ರಕ್ತ ಕಪ್ಪಾಗಿ ಕಾಣುತ್ತದೆ. ಹಾಗಾಗಿ ರಾತ್ರಿ ದೃಶ್ಯಕ್ಕೆ ಸ್ವಲ್ಪ ಜಾಸ್ತಿ ಕೆಂಪಿರಲಿ. ಇರುವೆ, ನೊಣ ಬೇಗ ಮುತ್ತುತ್ತವೆ. ಶಾಟ್ ರೆಡಿ ಆದ ಮೇಲೆಯೇ ಹಚ್ಚಿ.

ಮೈ ಬದಲಾಗುವ ಹೊತ್ತು

ಎಲ್ಲರೂ ಹೆದರುವುದು ಈ ದೃಶ್ಯಕ್ಕೆ. ದುಡ್ಡಿಲ್ಲ ಅಂತ ಕತ್ತಲು ಮಾಡಿ, ಒಂದು ಕಿರುಚಾಟ ಹಾಕಿ ಮುಗಿಸುತ್ತಾರೆ. ನಾನು ಹೇಳುವುದು, ದೀಪ ಹಾಕಿ. 1981ರ ಒಂದು ತೋಳಮನುಷ್ಯ ಚಿತ್ರದಲ್ಲಿ ರಿಕ್ ಬೇಕರ್ ಅನ್ನುವ ಮೇಕಪ್ ಕಲಾವಿದರು ಈ ದೃಶ್ಯವನ್ನು ಚೆನ್ನಾಗಿ ಬೆಳಕಿದ್ದ ಮನೆಯ ಕೋಣೆಯಲ್ಲೇ ಮಾಡಿ ತೋರಿಸಿದರು. ಮೇಕಪ್‌ಗೆ ಅಂತಲೇ ಆಸ್ಕರ್ ವಿಭಾಗ ಶುರುವಾದಾಗ ಮೊದಲ ಪ್ರಶಸ್ತಿ ಆ ಕೆಲಸಕ್ಕೇ ಬಂತು. ಚರ್ಮದಿಂದ ಕೂದಲು ಹೊರಗೆ ಬರುವ ಶಾಟ್‌ನಲ್ಲಿ ಅವರು ಮಾಡಿದ್ದು, ಕೂದಲನ್ನು ನಕಲಿ ಚರ್ಮದೊಳಗೆ ಎಳೆದು, ಆ ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದ್ದು. ಇದನ್ನು ನಿಮ್ಮ ಫೋನಿನಲ್ಲೂ ಮಾಡಬಹುದು.

ಸ್ಟೀಲ್ ತಟ್ಟೆಯ ಹಿಂಭಾಗಕ್ಕೆ ಮೇಕಪ್ ಲೇಟೆಕ್ಸ್ (ಒಣಗಿದರೆ ರಬ್ಬರಿನಂತಾಗುವ ದ್ರವ) ತೆಳ್ಳಗೆ ಬಳಿದು ಒಣಗಿಸಿ. ಇನ್ನೂ ನಾಲ್ಕೈದು ಪದರ ಹೀಗೇ ಬಳಿಯಿರಿ. ಪೌಡರ್ ಉದುರಿಸಿ ನಿಧಾನವಾಗಿ ಬಿಡಿಸಿದರೆ ಅಂಗೈ ಅಗಲದ ಚರ್ಮ ಸಿಗುತ್ತದೆ. ನಟನ ಮೈಬಣ್ಣಕ್ಕೆ ಹೊಂದುವ ಫೌಂಡೇಶನ್ ಹಚ್ಚಿ. ಸಣ್ಣ ಸೂಜಿಯಿಂದ ಒತ್ತೊತ್ತಾಗಿ ಎಳೆ ಉಣ್ಣೆ ಪೋಣಿಸಿ. ಎಲ್ಲಾ ತುದಿಗಳನ್ನೂ ಕೆಳಗೆ ಒಂದು ದಾರಕ್ಕೆ ಕಟ್ಟಿ. ಎರಡು ಪುಸ್ತಕಗಳ ನಡುವೆ ಚರ್ಮವನ್ನು ಬಿಗಿಯಾಗಿ ಕೂರಿಸಿ, ಒಂದು ಬದಿಯಿಂದ ದೀಪ ಹಾಕಿ. ಕ್ಯಾಮೆರಾ ಎಷ್ಟು ಹತ್ತಿರ ಬರಬಹುದೋ ಅಷ್ಟು ಹತ್ತಿರ ಇರಲಿ. ಈಗ ಕೆಳಗಿನಿಂದ ದಾರವನ್ನು ನಿಧಾನವಾಗಿ ಎಳೆಯಿರಿ. ಕೂದಲು ಒಂದೊಂದಾಗಿ ಒಳಗೆ ಹೋಗುತ್ತದೆ, ತೂತಿನ ಸುತ್ತ ಚರ್ಮ ಸಣ್ಣಗೆ ತಗ್ಗುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ರಿವರ್ಸ್ ಮಾಡಿ ನೋಡಿ. ಚರ್ಮ ಉಬ್ಬಿ, ಬಿರಿದು, ಕೂದಲು ಹೊರಗೆ ಬರುತ್ತದೆ. ನೋಡಿದವರು ತಮ್ಮ ಕೈಯನ್ನು ತಾವೇ ಉಜ್ಜಿಕೊಳ್ಳುತ್ತಾರೆ. ಮೂರು ಸೆಕೆಂಡು ಸಾಕು, ಅದಕ್ಕಿಂತ ಹೆಚ್ಚು ತೋರಿಸಬೇಡಿ.

ಉಳಿದದ್ದನ್ನು ಚೂರು ಚೂರಾಗಿ ತೋರಿಸಿ. ಬೆನ್ನಿನ ಹೊಲಿಗೆ ಬಿಚ್ಚುವ ಅಂಗಿ, ನೆಲವನ್ನು ಕೆರೆಯುವ ಉಗುರು. ಇವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಾಲು. ಚರ್ಮದ ಚಪ್ಪಲಿ ಹಾಕಿಸಿ. ಬೆರಳು ಉಬ್ಬಿ ಉಬ್ಬಿ ಚಪ್ಪಲಿಯ ಉಂಗುಷ್ಟ, ಅಂದರೆ ಹೆಬ್ಬೆರಳು ತೂರಿಸುವ ಪಟ್ಟಿ, ಪಟ್ ಅಂತ ಕಿತ್ತು ಹೋಗಬೇಕು. ಉಂಗುಷ್ಟವನ್ನು ಮೊದಲೇ ಅರ್ಧ ಕೊಯ್ದಿಟ್ಟರೆ ಒಂದೇ ಟೇಕ್‌ಗೆ ಬರುತ್ತದೆ. ಅಲ್ಲಿಂದ ನೇರ ತಾಯಿಯ ಮುಖಕ್ಕೆ ಕಟ್ ಮಾಡಿ. ಅವಳು ಬಾಗಿಲಲ್ಲಿ ನಿಂತು ಎಲ್ಲಾ ನೋಡಿದ್ದಾಳೆ. ಕೈ ನಡುಗುತ್ತಿದೆ. "ಯವ್ವಾ ಶಿವನ..." ಅಂದವಳ ಕಣ್ಣು ಕೆಳಗಿಳಿಯುತ್ತದೆ. "ಮೊನ್ನೆರ ತಂದ ಚಪ್ಪಲಿ." ಈ ಮಾತನ್ನು ನಟಿ ತಮಾಷೆಗೆ ಅಂತ ಹೇಳಲೇಬಾರದು. ಮಗ ಕೈ ಬಿಟ್ಟು ಹೋಗುತ್ತಿರುವಾಗ ತಾಯಿ ಕೈಗೆ ಸಿಕ್ಕ ಒಂದು ಸಣ್ಣ ಸಂಗತಿಯನ್ನು ಹಿಡಿದುಕೊಂಡಿದ್ದಾಳೆ, ಅಷ್ಟೇ. ಜನ ನಗುತ್ತಾರೆ, ಮರುಕ್ಷಣ ಗಂಟಲು ಕಟ್ಟುತ್ತದೆ.

ಹೊಲ, ಬೆಳಕು, ಸದ್ದು

ಶೀಗಿ ಹುಣ್ಣಿಮೆ ಬರುವ ಅಕ್ಟೋಬರ್ ಹೊತ್ತಿಗೆ ಹಾವೇರಿ ಕಡೆ ಗೋವಿನಜೋಳ ಆಳೆತ್ತರ ಇರುತ್ತದೆ. ಇದಕ್ಕಿಂತ ಒಳ್ಳೆಯ ಸೆಟ್ ಬೇಕಾ? ಒಣ ಎಲೆ ಸ್ವಲ್ಪ ಅಲುಗಿದರೂ ಸದ್ದು. ಎರಡು ಸಾಲಿನ ಆಚೆ ಏನಿದೆ ಕಾಣುವುದಿಲ್ಲ. ಹೊಲದವರನ್ನು ಕೇಳಿಯೇ ಒಳಗೆ ಹೋಗಿ, ಒಂದೇ ಸಾಲಿನಲ್ಲಿ ಓಡಾಡಿ, ಬೆಳೆ ಮುರಿಯಬೇಡಿ. ಎಲೆಯ ಅಂಚು ಮೈ ಕೊಯ್ಯುತ್ತದೆ, ಹಾವೂ ಇರುತ್ತವೆ. ತುಂಬುತೋಳಿನ ಅಂಗಿ, ಬೂಟು ಎಲ್ಲರಿಗೂ ಬೇಕು. ಗದಗ ಕಡೆಯವರಾದರೆ ದೂರದ ಗಾಳಿಯಂತ್ರಗಳನ್ನು ಚೌಕಟ್ಟಿನ ಮೂಲೆಯಲ್ಲಿ ಇಟ್ಟುಕೊಳ್ಳಿ. ರಾತ್ರಿ ಅವುಗಳ ಕೆಂಪು ದೀಪ ಮಿಣುಕುವುದು, ರೆಕ್ಕೆಯ ಬುಸ್ ಬುಸ್ ಸದ್ದು, ಎರಡೂ ಪುಕ್ಕಟೆ ಸಿಗುವ ಭಯ.

ನಿಜವಾದ ಬೆಳದಿಂಗಳಲ್ಲಿ ಫೋನಿಗೆ ಏನೂ ಕಾಣುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಒಂದು ಮಬ್ಬು ಬೆಳಕಿರುತ್ತದೆ. ಆಗ ವೈಟ್ ಬ್ಯಾಲೆನ್ಸನ್ನು (ಬಣ್ಣದ ಛಾಯೆಯ ಸೆಟ್ಟಿಂಗ್) 3200 ಕೆಲ್ವಿನ್‌ಗೆ ಇಟ್ಟು, ಎಕ್ಸ್‌ಪೋಶರ್ ಇಳಿಸಿ ತೆಗೆದರೆ ನೀಲಿ ರಾತ್ರಿ ಸಿಗುತ್ತದೆ. ದಿನಕ್ಕೆ ಇಷ್ಟೇ ಹೊತ್ತು ಸಿಗುವುದು. ಆದ್ದರಿಂದ ರಿಹರ್ಸಲ್ ಎಲ್ಲಾ ಬೆಳಕಿರುವಾಗಲೇ ಮುಗಿಸಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಬೇರೆ ಲೆಕ್ಕಕ್ಕೆ ಇಟ್ಟರೆ ಬಲ್ಬು ಮಿಣುಕಿದಂತೆ ಬರಬಹುದು. ಚಂದ್ರನ ಶಾಟನ್ನು ಬೇರೆಯಾಗಿ, ದೊಡ್ಡ ಲೆನ್ಸಿರುವ ಕ್ಯಾಮೆರಾದಲ್ಲಿ ತೆಗೆಯಿರಿ. ಐಎಸ್‌ಒ 100, ಎಫ್ 11, ಶಟರ್ 1/100ರಿಂದ ಶುರು ಮಾಡಿ.

ಸದ್ದಿನ ವಿಷಯಕ್ಕೆ ಬಂದರೆ, ಇಂಟರ್ನೆಟ್‌ನಲ್ಲಿ ಸಿಗುವ ಆ ಒಂದೇ ಊಳನ್ನು ದಯವಿಟ್ಟು ಹಾಕಬೇಡಿ. ಎಲ್ಲರೂ ಕೇಳಿ ಕೇಳಿ ಸಾಕಾಗಿದೆ. ತಾಮ್ರದ ಹಂಡೆಯೊಳಗೆ ತಲೆಯಿಟ್ಟು ನೀವೇ ಊಳಿಡಿ, ರೆಕಾರ್ಡ್ ಮಾಡಿ, ವೇಗ ಸ್ವಲ್ಪ ಇಳಿಸಿ. ಅದರ ಕೆಳಗೆ ನಿಮ್ಮ ಓಣಿಯ ನಾಯಿಗಳ ಊಳನ್ನು ತೆಳ್ಳಗೆ ಸೇರಿಸಿ. ಆದರೆ ಊಳಿಗಿಂತ ಹೆದರಿಸುವುದು ಮೌನ. ರಾತ್ರಿ ಕುರಿ ಹಟ್ಟಿಯ ಹತ್ತಿರ ಕೂತು ಕೇಳಿದವರಿಗೆ ಗೊತ್ತು, ಅಲ್ಲಿ ಯಾವಾಗಲೂ ಒಂದು ಸದ್ದಿರುತ್ತದೆ. ಮೆಲುಕು, ಸೀನು, ಗಂಟೆ, ಮರಿಯ ಕೂಗು. ಈ ಸದ್ದನ್ನು ಎರಡು ನಿಮಿಷ ಹಿಂದೆ ಓಡಿಸಿ, ನೋಡುಗರು ಅದನ್ನು ಮರೆಯುವಷ್ಟು ಓಡಿಸಿ. ಆಮೇಲೆ ಒಮ್ಮೆಲೇ ಎಲ್ಲಾ ನಿಲ್ಲಿಸಿ. ಕುರಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುವ ಶಾಟ್ ಸಿಕ್ಕರೆ ತೋಳವನ್ನು ತೋರಿಸುವ ಅಗತ್ಯವೇ ಇಲ್ಲ.

ಊರವರಿಗೆ ಹೇಳದೆ ಹೊರಡಬೇಡಿ

ರಾತ್ರಿ ಹೊಲದಲ್ಲಿ ಮೈ ತುಂಬಾ ಉಣ್ಣೆ ಅಂಟಿಸಿಕೊಂಡ ಮನುಷ್ಯ ಓಡಿದರೆ ನಿಜವಾಗಿಯೂ ಬಡಿಗೆ ಬೀಳುತ್ತದೆ. ಕುರಿಗಾರರ ನಾಯಿಗಳು ಸುಮ್ಮನೆ ಬಿಡುವುದಿಲ್ಲ. ಸುತ್ತಲಿನ ಹೊಲದವರಿಗೆ, ಪಂಚಾಯ್ತಿಗೆ, ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ. ನಟ ಶಾಟ್ ಇಲ್ಲದಾಗ ಬಿಳಿ ಪಂಜೆ ಹೊದ್ದು ದೀಪದ ಹತ್ತಿರವೇ ಕೂರಲಿ. ಚಹಾಕ್ಕೆ ಅಂತ ಅವನೊಬ್ಬನೇ ರೋಡಿಗೆ ಹೋಗುವುದು ಬೇಡ.

ಗದಗ ಕಡೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ರಾಣೇಬೆನ್ನೂರಿನ ಕೃಷ್ಣಮೃಗ ಧಾಮ 1974ರದ್ದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಶೂಟಿಂಗ್ ಮಾಡುವಂತಿಲ್ಲ. ನಿಜ ಹೇಳಬೇಕೆಂದರೆ ಮಾಡುವ ಅಗತ್ಯವೂ ಇಲ್ಲ. ತೋಳಕ್ಕೆ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಇದೆ. ದೇಶದಲ್ಲಿ ಉಳಿದಿರುವುದು ಅಂದಾಜು ಎರಡು ಮೂರು ಸಾವಿರ. ಕುರಿ, ನಾಯಿಗಳನ್ನು ನಟನೆಗೆ ಬಳಸಿದರೂ ಪ್ರಾಣಿ ಕಲ್ಯಾಣ ಮಂಡಳಿಯ ನಿಯಮಗಳಿವೆ. ಮೇಯುವ ಹಿಂಡನ್ನು ದೂರದಿಂದ ತೆಗೆಯಿರಿ, ಹೆದರಿಸಿ ಓಡಿಸಬೇಡಿ.

ಇದಕ್ಕಿಂತ ದೊಡ್ಡ ಅಪಾಯ ವಾಟ್ಸಾಪ್. ಶೂಟಿಂಗ್ ದಿನ ಯಾರೋ ತೆಗೆದ ಹತ್ತು ಸೆಕೆಂಡಿನ ಕ್ಲಿಪ್ "ನಮ್ಮೂರಾಗ ತೋಳ ಬಂದೈತಿ" ಅಂತ ಹೊರಟರೆ ಹಿಡಿಯುವುದು ಕಷ್ಟ. 2024ರಲ್ಲಿ ಉತ್ತರ ಪ್ರದೇಶದ ಬಹ್ರಾಯಿಚ್‌ನಲ್ಲಿ ತೋಳದ ದಾಳಿಯ ಸುದ್ದಿಗಳು ಬಂದಾಗಿನಿಂದ ಜನರ ಮನಸ್ಸಿನಲ್ಲಿ ಅಳುಕಿದೆ. ಸಿಟ್ಟಿಗೆ ಬಲಿಯಾಗುವುದು ಗುಡ್ಡದಲ್ಲಿರುವ ಪಾಪದ ಪ್ರಾಣಿ. ಸೆಟ್‌ನಲ್ಲಿ ಫೋನುಗಳನ್ನು ಒಂದು ಬುಟ್ಟಿಯಲ್ಲಿ ಇಡಿಸಿ. ಹೊರಗೆ ಬಿಡುವ ಪ್ರತಿ ಫೋಟೊದ ಮೇಲೂ ಕಿರುಚಿತ್ರದ ಹೆಸರು ದಪ್ಪಕ್ಷರದಲ್ಲಿ ಇರಲಿ.

ಕತ್ತರಿಸುವಾಗ

ಮೊದಲ ಕಟ್ ಆದ ಮೇಲೆ ಹತ್ತು ಹದಿನೈದು ಜನರನ್ನು ಕೂರಿಸಿ ತೋರಿಸಿ. ಗೆಳೆಯರೇ ಬೇಡ, ಅವರು ನಗಬೇಕು ಅಂತಲೇ ನಗುತ್ತಾರೆ. ಅಜ್ಜಿಯರು, ಓಣಿಯ ಹುಡುಗರು, ಕಿರಾಣಿ ಅಂಗಡಿಯವರು ಇರಲಿ. ನೀವು ಪರದೆ ನೋಡಬೇಡಿ, ಬದಿಗೆ ನಿಂತು ಅವರ ಮುಖ ನೋಡಿ. ನಗು ಬಂದ ಜಾಗ, ಯಾರೋ ಮೈ ಹಿಡಿ ಮಾಡಿಕೊಂಡ ಜಾಗ, ಫೋನ್ ತೆಗೆದ ಜಾಗ, ಎಲ್ಲದರ ಸಮಯ ಬರೆದುಕೊಳ್ಳಿ. ನಗು ಬಂದ ಕೂಡಲೇ ಹೆದರಿಕೆ ಬರುವಂತಿದ್ದರೆ ನಡುವೆ ಒಂದು ಉಸಿರಿನಷ್ಟು ಜಾಗ ಬಿಡಿ. ಇಲ್ಲದಿದ್ದರೆ ನಗುವಿನ ಸದ್ದಿನಲ್ಲಿ ಹೆದರಿಕೆಯ ಮಾತು ಮುಳುಗಿ ಹೋಗುತ್ತದೆ.

ತೋಳದ ಮುಖ ಕಂಡಾಗ ಒಬ್ಬರಾದರೂ ನಕ್ಕರೆ ಆ ಶಾಟನ್ನು ಅರ್ಧಕ್ಕೆ ಇಳಿಸಿ. ಮತ್ತೆ ಬೇರೆ ಜನರಿಗೆ ತೋರಿಸಿ. ಆಗಲೂ ನಕ್ಕರೆ ಮುಖವನ್ನೇ ತೆಗೆದುಹಾಕಿ, ಕಣ್ಣು ಮಾತ್ರ ಉಳಿಸಿ. ಗಂಟೆಗಟ್ಟಲೆ ಕೂತು ಅಂಟಿಸಿದ ಉಣ್ಣೆಯನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು, ಮೇಕಪ್ ಮಾಡುವವಳು ನಾನೇ. ಆದರೂ ಕತ್ತರಿಸಿ. ತಾಯಿಯ ಮಾತಿಗೆ ಯಾರೂ ನಗದಿದ್ದರೆ ಮಾತ್ರ ಅವಸರ ಮಾಡಬೇಡಿ. ಆ ಮಾತಿನ ಹಿಂದಿನ ಶಾಟ್ ಉದ್ದವಾಗಿದೆಯಾ ನೋಡಿ. ಹೆಚ್ಚಿನ ಸಲ ತಪ್ಪು ಇರುವುದು ಅಲ್ಲಿ. ಬೆಂಗಳೂರು, ಮೈಸೂರಿನವರಿಗೂ ತೋರಿಸುವುದಾದರೆ ಕೆಳಗೆ ಅಕ್ಷರ ಹಾಕಿ, ಮಾತನ್ನು ಮಾತ್ರ ಅವರ ಕನ್ನಡಕ್ಕೆ ಬದಲಿಸಬೇಡಿ.